ಮಡಿಕೇರಿಯಲ್ಲಿ ಮನೆ ಇರೋ ತಪ್ಪಿಗೆ

ಮಡಿಕೇರಿಯಲ್ಲಿ ಮನೆ ಇರೋರಿಗೆಲ್ಲ ಬೆಟ್ಟದ ದಾರಿ ಬಾಯಿಪಾಠ ಅಂತ ಬೆಂಗಳೂರಿನವ್ರಿಗೆ ಯಾರು ಹೇಳಿಟ್ಟಿದ್ದಾರೋ ಗೊತ್ತಿಲ್ಲ. ಸತ್ಯ ಏನಂದ್ರೆ ನಮ್ಮೂರಲ್ಲಿ ಟ್ರೆಕ್ಕಿಂಗ್ ಅಂತ ಬೇರೆ ಮಾಡೋ ಅಗತ್ಯಾನೇ ಬೀಳಲ್ಲ, ಮಾರ್ಕೆಟ್ಟಿಗೆ ಇಳಿದು ತರಕಾರಿ ಚೀಲ ಹಿಡ್ಕೊಂಡು ವಾಪಸ್ ಮನೆಗೆ ಹತ್ತಿದ್ರೆ ಮುಗೀತು, ಅರ್ಧ ದಾರೀಲೇ ನಿಂತು ಯಾರದ್ದೋ ಗೇಟ್ ಹಿಡ್ಕೊಂಡು ಸುಧಾರಿಸ್ಕೋಬೇಕು. ರಾಜಾಸೀಟಿಗೂ ನಾವು ಹೋಗೋದು ನೆಂಟರು ಬಂದಾಗಲೇ. ಮಾಂದಲ್‌ಪಟ್ಟಿ ಜೀಪಲ್ಲಿ ಕೂತು ಸೊಂಟ ಕಳ್ಕೊಳ್ಳೋ ಭಾಗ್ಯವೂ ನೆಂಟರ ಕೃಪೆಯಿಂದಲೇ.

ಈ ಸಲ ದಸರಾಕ್ಕೆ ಅಕ್ಕ, ಭಾವ, ಅವ್ರ ಮಗ ಬಂದಿದ್ರು. ದಶಮಂಟಪದ ಮೆರವಣಿಗೆ ನೋಡಿ ಬೆಳಗಿನ ಜಾವ ಮನೆ ಸೇರಿ, ಡಿಜೆ ಸದ್ದು ಇನ್ನೂ ಕಿವಿಯಲ್ಲಿ ಗುಂಯ್ ಅಂತಿರೋವಾಗ ಭಾವ ಕಾಫಿ ಲೋಟ ಹಿಡ್ಕೊಂಡು, 'ನಾಳೆ ತಡಿಯಂಡಮೋಳ್ ಹೋಗೋಣಪ್ಪ, ನೀನಿದ್ದೀಯಲ್ಲ' ಅಂದ್ರು. ನಾನಿದ್ದೀನಿ, ಸರಿ, ಆದ್ರೆ ನಾನು ಅಲ್ಲಿಗೆ ಹೋಗಿದ್ದು ಕಾಲೇಜಲ್ಲಿರೋವಾಗ, ಅದೂ ಮುಂದೆ ಹೋಗ್ತಿದ್ದವ್ರ ಬೆನ್ನು ನೋಡ್ಕೊಂಡು.

ಭಾವನ ಲೆಕ್ಕ ಬೇರೆ ಇತ್ತು. ತಡಿಯಂಡಮೋಳ್ 1748 ಮೀಟರ್, ಕೊಡಗಲ್ಲೇ ಎತ್ತರದ್ದು, ನಿಮ್ಮೂರೇ 1100 ಮೀಟರ್ ಮೇಲಿದೆ, ಅಂದ್ಮೇಲೆ ಮೂರರಲ್ಲಿ ಎರಡು ಪಾಲು ಹತ್ತಿ ಆಗಿದೆ, ಇನ್ನುಳಿದದ್ದು ಎಷ್ಟು ಮಹಾ! ಮಡಿಕೇರಿಯಿಂದ ನಾಪೋಕ್ಲು ಕಡೆ ಹೋಗೋ ರಸ್ತೆ ಕಾವೇರಿ ತನಕ ಇಳೀತಾನೇ ಹೋಗುತ್ತೆ, ಆ ಎರಡು ಪಾಲು ಅಲ್ಲೇ ಖರ್ಚಾಗುತ್ತೆ ಭಾವ ಅಂದೆ. ಲೆಕ್ಕದಲ್ಲಿ ಇಂಜಿನಿಯರ್‌ಗಳ ಹತ್ರ ವಾದ ಮಾಡಬಾರದು.

ಟಿಕೆಟ್ ಅಳಿಯನ ಜವಾಬ್ದಾರಿ. 2024ರ ಜನವರಿಯಲ್ಲಿ ಲಾಂಗ್ ವೀಕೆಂಡಿಗೆ ಕುಮಾರಪರ್ವತದಲ್ಲಿ ಕಾಲಿಡೋಕೂ ಜಾಗ ಇಲ್ದಷ್ಟು ಜನ ನಿಂತಿದ್ದ ವಿಡಿಯೋ ಎಲ್ರೂ ನೋಡಿರ್ತೀರ, ಆಮೇಲೆ ತಾನೇ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಬಿಗಿ ಮಾಡಿ ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿದ್ದು. ಒಳ್ಳೇದೇ ಆಯ್ತು ಅನ್ನೋನು ನಾನು. ಅಳಿಯ ಬುಕ್ಕೂ ಮಾಡಿದ್ದ. ಆದ್ರೆ ಆ ಟಿಕೆಟ್ ಇದ್ದಿದ್ದು ಅವನ ಇಮೇಲಲ್ಲಿ, ಇಮೇಲ್ ಇದ್ದಿದ್ದು ಇಂಟರ್ನೆಟ್ಟಲ್ಲಿ, ಇಂಟರ್ನೆಟ್ ಇದ್ದಿದ್ದು ನಾಪೋಕ್ಲುವಲ್ಲಿ. ಕಕ್ಕಬ್ಬೆ ದಾಟಿದ್ದೇ ಫೋನಲ್ಲಿ ಒಂದು ಕಡ್ಡಿಯೂ ಇಲ್ಲ. ಅಪ್ಪ ಮಗ ಇಬ್ರೂ ಟಿಕೆಟ್ ಹುಡುಕ್ಕೊಂಡು ಕಾರಲ್ಲಿ ವಾಪಸ್ ಹೋದ್ರು, ನಾನೂ ಅಕ್ಕನೂ ನಾಲ್ಕುನಾಡು ಅರಮನೆ ಜಗಲಿಯಲ್ಲಿ ಕೂತು ತಂದಿದ್ದ ಕಡಂಬುಟ್ಟು, ಅಂದ್ರೆ ಅಕ್ಕಿ ಕಡುಬು, ಅರ್ಧ ಖಾಲಿ ಮಾಡಿದ್ವಿ. ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು ಅದು, ಕೊನೇ ರಾಜ ಚಿಕ್ಕವೀರರಾಜ 1834ರಲ್ಲಿ ಬ್ರಿಟಿಷರು ಬಂದಾಗ ಮಡಿಕೇರಿ ಬಿಟ್ಟು ಬಂದು ಕೂತಿದ್ದೂ ಇಲ್ಲೇ. ಜಾಗ ನೋಡಿದ್ರೆ ಆಯ್ಕೆ ಸರಿಯಾಗೇ ಇದೆ ಅನಿಸ್ತು, ಇಲ್ಲಿ ಕೂತವ್ರನ್ನ ಯಾರೂ ಫೋನ್ ಮಾಡಿ ಹಿಡಿಯೋಕಾಗಲ್ಲ.

ಅಂತೂ ಹತ್ತೋಕೆ ಶುರು ಮಾಡಿದ್ವಿ. ಶುರುವಿನಲ್ಲಿ ಕಾಫಿ ತೋಟದ ಪಕ್ಕದ ರಸ್ತೆ, ಭಾವ ಎಲ್ರಿಗಿಂತ ಮುಂದೆ.

ಈಗ ಆ ಶೂ ವಿಷಯ ಹೇಳ್ಬೇಕು. ಹಿಂದಿನ ವರ್ಷ ಭಾವ ದುಬಾರಿ ಟ್ರೆಕ್ಕಿಂಗ್ ಶೂ ತಗೊಂಡು, ಎರಡು ಹೆಜ್ಜೆ ಹಾಕಿ, 'ಬೆಂಗಳೂರಲ್ಲಿ ಇದೆಲ್ಲಿ ಹಾಕ್ಲಿ, ನಿಮ್ಮನೇಲೇ ಇರ್ಲಿ' ಅಂತ ನಮ್ಮ ಬೀರುವಿನ ಕೆಳಗೆ ಇಟ್ಟು ಹೋಗಿದ್ರು. ಮಡಿಕೇರಿ ಮಳೆಗಾಲದಲ್ಲಿ ಬೀರುವಿನ ಕೆಳಗೆ ಏನಿಟ್ರೂ ಅದು ನಮ್ಮ ಕೈಬಿಟ್ಟ ಹಾಗೇ. ಬೆಲ್ಟಿಗೆ ಬೂಸ್ಟು, ಆಲ್ಬಮ್ಮಿಗೆ ಬೂಸ್ಟು, ಮದುವೆ ಕೋಟಿಗೆ ಬೂಸ್ಟು, ಉಪ್ಪಿನ ಡಬ್ಬಿ ಬೋರಲು ಹಾಕಿದ್ರೂ ಉಪ್ಪು ಬೀಳಲ್ಲ. ಹೆಂಡ್ತಿ ಆ ಶೂ ಹೊರಗೆ ತೆಗೆದು ಬಿಸಿಲಿಗಿಟ್ಟು ಒರೆಸಿ ಪಳಪಳ ಮಾಡಿದ್ಳು, ನೋಡೋಕೆ ಹೊಸದೇ. ಆದ್ರೆ ಅಂಥ ಶೂಗಳ ಅಡಿ, ಅಂದ್ರೆ ಸೋಲು, ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ಕಿಂದಂತೆ, ತೇವ ಹೀರ್ಕೊಂಡು ಒಳಗಿಂದೊಳಗೇ ಸತ್ವ ಕಳ್ಕೊಂಡಿರುತ್ತಂತೆ, ಕಾಲಿಡೋ ತನಕ ಗುಟ್ಟು ಬಿಟ್ಟುಕೊಡಲ್ಲ.

ದೊಡ್ಡ ಬಂಡೆ ಹತ್ರ ಹೋಗೋಷ್ಟರಲ್ಲಿ ಬಲಗಾಲಿನ ಸೋಲು ಮುಂದಿನಿಂದ ಬಾಯಿ ತೆರೀತು. ಹತ್ತು ಹೆಜ್ಜೆಗೆ ಪೂರ್ತಿ ಕೈಗೆ ಬಂತು, ಅಂಚು ಮುಟ್ಟಿದ್ರೆ ಕಪ್ಪು ಪುಡಿ ಉದುರ್ತಾ ಇದೆ. ಅಳಿಯ ಕೂಡ್ಲೇ ವಿಡಿಯೋ ಆನ್ ಮಾಡಿದ. ಅಕ್ಕ ತಲೆಗೂದಲಿನ ರಬ್ಬರ್ ಬ್ಯಾಂಡ್ ಕೊಟ್ಳು, ಅದು ಹರೀತು. ಕೊನೆಗೆ ಕಡಂಬುಟ್ಟು ಕಟ್ಟಿದ್ದ ಪಂಚೆ ತುಂಡನ್ನ ಸೀಳಿ ಶೂ ಸುತ್ತ ಬಿಗಿದ್ವಿ. ಸ್ವಲ್ಪ ಮೇಲೆ ಹೋದ್ಮೇಲೆ ಎಡಗಾಲಿಂದೂ ಬಂತು. ಅದಕ್ಕೆ ಪಂಚೆಯ ಇನ್ನರ್ಧ.

'ನಿಮ್ಮನೆ ತುಂಬ ತಂಪು ಕಣಯ್ಯ' ಅಂದ್ರು ಭಾವ, ಅದರಲ್ಲಿದ್ದ ಬೈಗುಳ ನಂಗೆ ಅರ್ಥ ಆಯ್ತು.

ಜಿಗಣೆಗಳು ಇದನ್ನೇ ಕಾಯ್ತಿದ್ವು. ನಾನು ಹೊಗೆಸೊಪ್ಪು ನೆನೆಸಿದ ನೀರಲ್ಲಿ ಸಾಕ್ಸ್ ಅದ್ದಿ ಹಾಕ್ಕೊಂಡಿದ್ದೆ, ಎಲ್ರಿಗೂ ಹಾಗೇ ಮಾಡಿ ಅಂದಿದ್ದೆ, ವಾಸನೆ ಅಂತ ಮೂಗು ಮುಚ್ಕೊಂಡವ್ರು ಭಾವ ಒಬ್ರೇ. ಶೋಲಾ ಕಾಡಿನ ನೆರಳಲ್ಲಿ ಒದ್ದೆ ಎಲೆ ಮೇಲೆ ನಿಂತು ಅವ್ರು ಪಂಚೆ ಗಂಟು ಬಿಗಿ ಮಾಡ್ಕೊಳ್ತಾ ಇದ್ರೆ ಎಲೆಯಡಿಯಿಂದ ಒಂದೊಂದೇ ಎದ್ದು, ಮೂತಿ ಮೇಲೆತ್ತಿ ಗಾಳಿಯಲ್ಲಿ ತಡಕಾಡಿ, ಆಮೇಲೆ ದಿಕ್ಕು ಗ್ಯಾರಂಟಿ ಮಾಡ್ಕೊಂಡು ಸೀದಾ ಅವ್ರ ಕಡೆಗೇ. ಕಚ್ಚಿದ್ದು ಗೊತ್ತೇ ಆಗಲ್ಲ, ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಡುತ್ತಲ್ಲ, ಹಾಗಾಗಿ ಜಿಗಣೆ ಹೊಟ್ಟೆ ತುಂಬಿಸ್ಕೊಂಡು ಉದುರಿ ಹೋದ್ಮೇಲೂ ರಕ್ತ ಸುರೀತಾನೇ ಇರುತ್ತೆ. ಬಿಳಿ ಪಂಚೆ ಬೇರೆ. ಎದುರಿಂದ ಇಳಿದು ಬರ್ತಿದ್ದ ಮಂಗಳೂರಿನ ಹುಡುಗರು ದಾರಿ ಬಿಟ್ಟು ಪಕ್ಕಕ್ಕೆ ನಿಂತು, 'ಎಂಥ ಆಯ್ತು ಮಾರಾಯ್ರೆ, ಹಾವು ಕಚ್ಚಿತಾ?' ಅಂತ ಕೇಳಿದ್ರು. ಭಾವ ಶೂ ಅಂದ್ರು. ಅವ್ರು ಇನ್ನೂ ಗಾಬರಿಯಾದ್ರು.

ಕೊನೇ ಏರು ಇದೆಯಲ್ಲ, ಅಲ್ಲಿ ಯಾರೂ ಮಾತಾಡಲಿಲ್ಲ.

ತುದಿಗೆ ಹೋದ್ವಿ. ಮಂಜು. ಮೋಡ ಇಲ್ದೇ ಇದ್ರೆ ಅಲ್ಲಿಂದ ಸಾಲು ಸಾಲು ಬೆಟ್ಟ ಕೇರಳದ ಕಡೆಗೆ ಇಳ್ಕೊಂಡು ಹೋಗೋದು ಕಾಣುತ್ತೆ, ಅವತ್ತು ಕಂಡಿದ್ದು ಅಳಿಯನ ಬ್ಯಾಗು ಮಾತ್ರ, ಅದೂ ಕೆಂಪು ಬಣ್ಣದ್ದಾಗಿದ್ದಕ್ಕೆ. 'ವ್ಯೂ ಎಲ್ಲಿ ಮಾವ?' ಅಂದ ನಂಗೆ, ನಾನೇ ಎತ್ತಿ ಒಳಗಿಟ್ಟಿದ್ದೀನೇನೋ ಅನ್ನೋ ಹಾಗೆ. ಭಾವ ಒಂದು ಕಲ್ಲಿನ ಮೇಲೆ ನಿಂತು ಫೋಟೋ ತೆಗೆಸ್ಕೊಂಡು, ನೆಟ್‌ವರ್ಕ್ ಬಂದ್ಮೇಲೆ ಫ್ಯಾಮಿಲಿ ಗ್ರೂಪಿಗೆ ಹಾಕಿದ್ರು. ಮೈಸೂರಿನ ಚಿಕ್ಕಮ್ಮ, 'ಪಾಸ್‌ಪೋರ್ಟಿಗಾ?' ಅಂತ ಕೇಳಿದ್ರು.

ಮಾರನೇ ದಿನ ಊರಿಗೆ ಹೊರಡೋ ಮೊದ್ಲು ಭಾವ ಆ ಸೋಲುಗಳನ್ನ ಕವರಲ್ಲಿ ಹಾಕ್ಕೊಂಡು ಪೇಟೆಯ ಚಪ್ಪಲಿ ರಿಪೇರಿಯವ್ರ ಹತ್ರ ಹೋದ್ರು. ಅವ್ರು ಬೆರಳಲ್ಲಿ ಒತ್ತಿ ನೋಡಿ, 'ಇದು ಹಾಕಿ ಹಾಳಾಗಿದ್ದಲ್ಲ ಸಾರ್, ಹಾಕದೇ ಹಾಳಾಗಿದ್ದು, ವಾರಕ್ಕೊಂದ್ಸಲ ಆದ್ರೂ ಮೆಟ್ಕೊಂಡು ಓಡಾಡ್ಬೇಕಿತ್ತು' ಅಂದ್ರಂತೆ. ಭಾವನಿಗೆ ಈ ಮಾತು ತಲೆಗೆ ಸರಿಯಾಗಿ ಇಳೀತು. ಬೆಂಗಳೂರಿಗೆ ಹೋದವ್ರೇ ಹೊಸ ಜೊತೆ ತಗೊಂಡು ನಮ್ಮ ಅಡ್ರೆಸ್ಸಿಗೆ ಕೊರಿಯರ್ ಮಾಡಿದ್ರು, ಹಿಂದೆಯೇ ಅಕ್ಕನ ಫೋನು, 'ಬೀರು ಕೆಳಗೆ ಇಡ್ಬೇಡ ಕಣೋ, ನೀನೇ ಸ್ವಲ್ಪ ಸ್ವಲ್ಪ ಹಾಕ್ಕೊಂಡು ಓಡಾಡ್ತಿರು.'

ಭಾವನದ್ದು ಹತ್ತನೇ ನಂಬರ್, ನಂದು ಏಳು. ಮುಂದುಗಡೆ ಪೇಪರ್ ತುರುಕಿ ಹಾಕ್ಕೊಂಡು ಬೆಳಿಗ್ಗೆ ಬೆಳಿಗ್ಗೆ ಧಡ್ ಧಡ್ ಅಂತ ಇಳೀತಿದ್ರೆ ಪಕ್ಕದ ಮನೆ ಅಂಕಲ್ ಗೇಟ್ ಹತ್ರ ಬಂದು, 'ಓಹೋ, ಯಾವ ಬೆಟ್ಟಕ್ಕೆ?' ಅಂತಾರೆ.

ಹಾಲಿಗೆ ಅಂಕಲ್.