ಮಂಗನ ಕಾಟ, ಭಾಗ 1

ಲಾರಿ ಕೊಂಡವರಿಗೆ ಗೊತ್ತಿರುತ್ತದೆ. ಕಂಪನಿಯಿಂದ ಹೆಚ್ಚಾಗಿ ಬರುವುದು ಚಾಸಿ ಮತ್ತು ಇಂಜಿನ್ ಮಾತ್ರ. ಬಾಡಿಯನ್ನು ನಾವೇ ಕಟ್ಟಿಸಿ, ಬಣ್ಣ ಹೊಡೆಸಿ, ಎಲ್ಲ ಮುಗಿದ ಮೇಲೆ ಹಿಂದುಗಡೆ ‘ಮತ್ತೆ ಸಿಗೋಣ’ ಅಂತ ಬರೆಸಬೇಕು. ನಾವು ನಾಲ್ವರು ಗೆಳೆಯರು ಸೇರಿ ಮಾಡಹೊರಟಿರುವ ಶೂಟರ್ ಗೇಮಿನಲ್ಲಿ ಎರಡೂವರೆ ವರ್ಷಕ್ಕೆ ಪೂರ್ತಿ ಮುಗಿದಿರುವುದು ಆ ಹಿಂದುಗಡೆಯ ಬರಹ ಒಂದೇ. ಅಂದರೆ ಶುರುವಿಗೆ ಬರುವ ಹೆಸರಿನ ಚಿತ್ರ. 320 ಚುಕ್ಕಿ ಅಗಲ, 200 ಚುಕ್ಕಿ ಎತ್ತರ. ಅದರಲ್ಲಿ ಹಸಿರು ಅಕ್ಷರಗಳಲ್ಲಿ ‘ಮಂಗನ ಕಾಟ, ಭಾಗ 1’.

ಇಂಜಿನ್, ಅಂದರೆ ಆಟವನ್ನು ಓಡಿಸುವ ಒಳಗಿನ ಪ್ರೋಗ್ರಾಮು, ಮಾತ್ರ ಅಪ್ಪಟ ಹಳೆಯದು, ಡೂಮ್‌ನದು. 1993ರ ಡಿಸೆಂಬರಿನಲ್ಲಿ ಇಡ್ ಸಾಫ್ಟ್‌ವೇರ್‌ನವರು ಬಿಟ್ಟ ಆ ಆಟ ನಮ್ಮ ಕೈಗೆ ಸಿಕ್ಕಿದ್ದು ನಾಲ್ಕೈದು ವರ್ಷ ತಡವಾಗಿ, ಶಿವಮೊಗ್ಗದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ. ಮನೆಯಲ್ಲಿ ಫೀಸು ಕಟ್ಟಿದ್ದು ಫಾಕ್ಸ್‌ಪ್ರೋ ಕಲಿಯಲಿ ಅಂತ. ನಾವು ಚಪ್ಪಲಿ ಹೊರಗೆ ಬಿಟ್ಟು, ದೇವರ ಕೋಣೆಗೆ ಹೋದಷ್ಟು ಭಕ್ತಿಯಿಂದ ಏಸಿ ರೂಮಿಗೆ ಹೋಗಿ, ನರಕದ ಪಿಶಾಚಿಗಳನ್ನು ಕೊಲ್ಲುತ್ತಿದ್ದೆವು. ಶೇರ್‌ವೇರ್, ಅಂದರೆ ರುಚಿ ನೋಡಲು ಪುಕ್ಕಟೆ ಹಂಚುವ ತುಣುಕು ಆದ್ದರಿಂದ ಒಂಬತ್ತು ಹಂತ ಮಾತ್ರ. ಆ ಒಂಬತ್ತನ್ನೇ ವಿಷ್ಣುಸಹಸ್ರನಾಮದ ಹಾಗೆ ದಿನಾ ಪಾರಾಯಣ ಮಾಡಿದ್ದಕ್ಕೆ, ಇವತ್ತಿಗೂ ನನಗೆ ನಮ್ಮ ಬೀದಿಗಿಂತ ಅದರ ಮೊದಲನೇ ಹಂತದ ದಾರಿ ಚೆನ್ನಾಗಿ ಗೊತ್ತು.

1997ರ ಡಿಸೆಂಬರಿನಲ್ಲಿ ಆ ಇಂಜಿನ್ ಬರೆದ ಜಾನ್ ಕಾರ್ಮ್ಯಾಕ್ ಅದರ ಸೋರ್ಸ್ ಕೋಡನ್ನೇ, ಅಂದರೆ ಪ್ರೋಗ್ರಾಮಿನ ಮೂಲ ಬರಹವನ್ನೇ, ಜಗತ್ತಿಗೆ ಬಿಟ್ಟುಕೊಟ್ಟ. ಕೊಟ್ಟಿದ್ದು ಲಿನಕ್ಸ್ ಆವೃತ್ತಿ. ಡಾಸ್ ಆವೃತ್ತಿಯಲ್ಲಿ ಸದ್ದು ಮಾಡುವ ಭಾಗ ಬೇರೆಯವರ ಸ್ವತ್ತಾಗಿತ್ತಂತೆ. 1999ರಲ್ಲಿ ಅದಕ್ಕೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದೆನ್ನುವ ಜಿಪಿಎಲ್ ಪರವಾನಗಿಯೂ ಬಂತು. ಆದರೆ ಪುಕ್ಕಟೆ ಆದದ್ದು ಇಂಜಿನ್ ಮಾತ್ರ. ಪಿಶಾಚಿ, ಗೋಡೆ, ಕೋವಿ, ಕಿರುಚಾಟ ಎಲ್ಲ ತುಂಬಿರುವ ವ್ಯಾಡ್ ಎಂಬ ಫೈಲು ಕಂಪನಿಯದೇ. ಫ್ರೀಡೂಮ್ ಅಂತ ಉತ್ಸಾಹಿಗಳು ಅದಕ್ಕೂ ಒಂದು ಮುಕ್ತ ಬಾಡಿ ಕಟ್ಟಿಟ್ಟಿದ್ದಾರೆ. ಅದನ್ನೇ ತಗೊಂಡು ಸ್ವಲ್ಪ ಬಣ್ಣ ಬದಲಾಯಿಸೋಣ ಅಂದೆ. “ಮದುವೆಗೆ ಬೇರೆಯವರ ಪಂಚೆ ಉಟ್ಕೊಂಡು ಹೋಗ್ತೀಯೇನೋ?” ಅಂದ ಮೇಷ್ಟ್ರು. ನಾನು ನನ್ನ ಮದುವೆಗೇ ಭಾವನ ಪಂಚೆ ಉಟ್ಟಿದ್ದೆ. ಹೇಳಲು ಅದು ಸಮಯವಾಗಿರಲಿಲ್ಲ.

ಮೇಷ್ಟ್ರು ಅಂದರೆ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಇನ್ನಿಬ್ಬರಲ್ಲಿ ಒಬ್ಬ ಬ್ಯಾಂಕು, ಒಬ್ಬ ಸಾಫ್ಟ್‌ವೇರು. ಅವರವರ ಕೆಲಸವೇ ಅವರವರ ಹೆಸರು. ಬ್ಯಾಂಕು ಪ್ರತಿ ಸಭೆಗೂ ನಡಾವಳಿ ಬರೆಯುತ್ತಾನೆ.

ಕಥೆ ಏನೆಂದು ಹೆಚ್ಚು ಯೋಚಿಸಲಿಲ್ಲ. ತೀರ್ಥಹಳ್ಳಿ ಕಡೆ ನಮ್ಮ ಅಜ್ಜಿಮನೆ, ಹಿಂದೆ ಅಡಿಕೆ ತೋಟ, ತೋಟಕ್ಕೆ ನುಗ್ಗುವ ಮಂಗಗಳ ದಂಡು. ನರಕದ ಪಿಶಾಚಿಗಳನ್ನು ಮಲೆನಾಡಿಗೆ ತಂದರೆ ಅವೇ ತಾನೆ? ಎಲ್ಲರೂ ಒಪ್ಪಿದರು. ಆಮೇಲೆ ಬ್ಯಾಂಕು ಪೆನ್ನು ಕೆಳಗಿಟ್ಟು ಕೇಳಿದ: “ಅಲ್ಲ ಮಾರಾಯಾ, ಮಂಗಕ್ಕೆ ಗುಂಡು ಹೊಡೆಯೋದಾ? ಶನಿವಾರ ನಾನು ಆಂಜನೇಯನ ಗುಡಿಗೆ ಹೋಗೋನು!” ಒಂದೂವರೆ ಗಂಟೆ ಚರ್ಚೆಯಾಯಿತು. ಕೊನೆಗೆ ಕೋವಿಯಲ್ಲಿ ಗುಂಡು ಬೇಡ, ಪೈಪಿನಲ್ಲಿ ಕಾರ್ಬೈಡ್ ಹಾಕಿ ಢಂ ಅನ್ನಿಸುತ್ತಾರಲ್ಲ ಅದನ್ನು ಕೊಡೋಣ, ಮಂಗ ಸಾಯುವುದು ಬೇಡ, ಹೆದರಿ ಓಡಲಿ ಎಂದು ತೀರ್ಮಾನ. ಶೂಟರ್ ಗೇಮಿನಲ್ಲಿ ಶೂಟ್ ಮಾಡುವುದನ್ನು ಸರ್ವಾನುಮತದಿಂದ ನಿಷೇಧಿಸಿದವರು ಪ್ರಾಯಶಃ ನಾವೇ ಮೊದಲು.

ಮೂಲ ಡೂಮ್‌ನ ಕೆಲವು ರಾಕ್ಷಸರನ್ನು ಜೇಡಿಮಣ್ಣಿನಲ್ಲಿ ಮಾಡಿ, ತಿರುಗಿಸಿ ತಿರುಗಿಸಿ ಫೋಟೋ ತೆಗೆದು ಆಟಕ್ಕೆ ಹಾಕಿದ್ದರು. ನಮ್ಮಲ್ಲೂ ಮಣ್ಣಿಗೆ ಬರವೇ? ಚೌತಿ ಹತ್ತಿರ ಬಂದಿತ್ತು. ಮೇಷ್ಟ್ರು ಒಂದು ಬುಟ್ಟಿ ಮಣ್ಣು ತಂದು ನಮ್ಮ ಮನೆಯ ವರಾಂಡದಲ್ಲಿ ಕೂತ. ಗಣಪತಿ ಮಾಡಲು ಹೋಗಿ ಮಂಗ ಮಾಡಿದ ಎಂದು ಲೋಕದಲ್ಲಿ ಮಾತಿದೆ. ನಮ್ಮ ಮೇಷ್ಟ್ರು ಮಂಗ ಮಾಡಲು ಹೋಗಿ ಗಣಪತಿ ಮಾಡಿದ. ಇಪ್ಪತ್ತು ವರ್ಷದಿಂದ ಪ್ರತಿ ಚೌತಿಗೂ ಮಾಡಿದ ಕೈ. ಬಾಲ ಎಳೆಯಲು ಹೋದರೆ ಸೊಂಡಿಲೇ ಬರುತ್ತದೆ. ಕೆಡವಿ ಇನ್ನೊಂದು ಮಾಡೋಣ ಅನ್ನುವಷ್ಟರಲ್ಲಿ ಅಮ್ಮ ಬಂದು ಅದರ ಹಣೆಗೆ ಕುಂಕುಮವಿಟ್ಟು, ಒಂದು ದಾಸವಾಳ ಸಿಕ್ಕಿಸಿ ಹೋದಳು. ಇನ್ನು ಮುಟ್ಟುವವರು ಯಾರು? ನಮ್ಮ ಗೇಮಿನ ಮೊದಲ ಶತ್ರುವನ್ನು ಐದನೇ ದಿನ ಬಾವಿಯಲ್ಲಿ ವಿಸರ್ಜಿಸಿದೆವು.

ಹೀಗೆ ‘ಮಂಗನ ಕಾಟ’ದಲ್ಲಿ ಮಂಗ ಹೋಗಿ ಕಾಡುಹಂದಿ ಬಂತು. ಹಂದಿಗೆ ಮಣ್ಣು ಬೇಡ, ಮನುಷ್ಯನೇ ಆಗಬಹುದು ಅಂದ ಸಾಫ್ಟ್‌ವೇರು, ತಾನೇ ಆಗಬೇಕಾಗುತ್ತದೆಂದು ತಿಳಿಯದೆ. ಆ ಇಂಜಿನ್ನಿನಲ್ಲಿ ಪ್ರಾಣಿಗಳು ಬರೀ ಚಪ್ಪಟೆ ಚಿತ್ರಗಳು. ಎಂಟು ದಿಕ್ಕಿನಿಂದ ಎಂಟು ಚಿತ್ರ ಬೇಕು. ಐದು ತೆಗೆದರೆ ಉಳಿದ ಮೂರನ್ನು ಕನ್ನಡಿಯಂತೆ ಮಗುಚಿ ಹಾಕಬಹುದು. ಗೋಣಿಚೀಲ ಹೊದ್ದು ತಾರಸಿಯ ಮೇಲೆ ನಾಲ್ಕು ಕಾಲಲ್ಲಿ ನಿಂತವನನ್ನು 45 ಡಿಗ್ರಿಗೊಮ್ಮೆ ತಿರುಗಿಸುತ್ತ ಫೋಟೋ ಹೊಡೆದೆವು. ನಡೆಯುವುದು, ನುಗ್ಗುವುದು, ಬೀಳುವುದು ಎಲ್ಲ ಸೇರಿ ಬಿಸಿಲಲ್ಲಿ ಎರಡು ಗಂಟೆ. ಹಪ್ಪಳ ಒಣಹಾಕಲು ಪಕ್ಕದ ತಾರಸಿಗೆ ಬಂದ ಆಂಟಿ ಬಹಳ ಹೊತ್ತು ನೋಡಿ, “ಸೊಂಟ ಹಿಡ್ಕೊಂಡಿದ್ದಕ್ಕೆ ನಮ್ಮಲ್ಲಿ ಎಣ್ಣೆ ಇದೆ, ಕೊಡ್ಲಾ?” ಎಂದರು. ಆಟಕ್ಕೆ ಹಾಕಿದ ಮೇಲೆ ಇನ್ನೊಂದು ಬಯಲಾಯಿತು. ಸಾಫ್ಟ್‌ವೇರು ವಾಚು ಬಿಚ್ಚಿರಲಿಲ್ಲ. ಹಂದಿ ಬಲಕ್ಕೆ ತಿರುಗಿದರೆ ವಾಚು ಎಡಗಾಲಿನಲ್ಲಿ, ಎಡಕ್ಕೆ ತಿರುಗಿದರೆ ಬಲಗಾಲಿನಲ್ಲಿ.

ಮನೆ ಕಟ್ಟುವ ಕೆಲಸ ನನ್ನದು. ಅಜ್ಜಿಮನೆಗೆ ಹೋಗಿ ಟೇಪು ಹಿಡಿದು ಅಳೆದು ಬಂದೆ. ನಾನು ಪಾಲು ಕೇಳಲು ಬಂದಿದ್ದೇನೆಂದು ತಿಳಿದು ಮಾವ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಅಷ್ಟೆಲ್ಲ ಅಳೆದು ಕಟ್ಟಿದರೆ ಹೀರೋ ಜಗಲಿಯನ್ನೇ ಹತ್ತಲಿಲ್ಲ. ಆಟದ್ದೇ ಲೆಕ್ಕದಲ್ಲಿ 24 ಅಳತೆಗಿಂತ ಎತ್ತರದ ಮೆಟ್ಟಿಲು ಅವನಿಗೆ ಗೋಡೆಗೆ ಸಮ, ನೆಗೆಯಲೂ ಬಾರದು. ಜಗಲಿ ತಗ್ಗಿಸಿದೆ. ಬಾಗಿಲ ಹತ್ತಿರ ಬಂದು ಮತ್ತೆ ನಿಂತ. ಅವನ ಎತ್ತರ 56. ಹಳೇ ಮನೆಯ ಬಾಗಿಲು ಬಂದವರು ತಲೆ ಬಗ್ಗಿಸಿ ಒಳಗೆ ಬರಲಿ ಅಂತಲೇ ಗಿಡ್ಡ. ನಾನು ಇಟ್ಟದ್ದು 52. ಈ ಅಮೆರಿಕದ ಸಿಪಾಯಿಗೆ ಬಗ್ಗಿ ಗೊತ್ತಿಲ್ಲ. ಅಜ್ಜ ಇದ್ದಿದ್ದರೆ ಅಂಥವನನ್ನು ಒಳಗೆ ಬಿಡುತ್ತಲೂ ಇರಲಿಲ್ಲವೆನ್ನಿ. ಬಾಗಿಲು ಎತ್ತರಿಸಿದೆ. ತೆರೆದರೆ ಅದು ಅಂಗಡಿ ಶಟರಿನಂತೆ ಗರ್ರ್ ಎಂದು ಮೇಲೆದ್ದಿತು. ಡೂಮ್‌ನಲ್ಲಿ ಬಾಗಿಲೆಂದರೆ ನೆಲದವರೆಗೆ ಇಳಿದಿರುವ ಒಂದು ತುಂಡು ಚಾವಣಿ ಅಷ್ಟೆ. ನೂರು ವರ್ಷದ ಹಲಸಿನ ಬಾಗಿಲು, ಕೆತ್ತನೆ ಸಮೇತ, ಚಾವಣಿಯೊಳಗೆ ಮಾಯ!

ಆದರೆ ನಿಜವಾದ ಜಗಳ ಹತ್ತಿದ್ದು ಅಟ್ಟದ ವಿಷಯಕ್ಕೆ. ಈ ಇಂಜಿನ್ನಿನ ನಕ್ಷೆ ಮೇಲಿನಿಂದ ನೋಡಿದ ಚಿತ್ರದಂತೆ. ಒಂದು ಜಾಗಕ್ಕೆ ಒಂದೇ ನೆಲ, ಒಂದೇ ಚಾವಣಿ. ಕೋಣೆಯ ಮೇಲೆ ಕೋಣೆ ಸಾಧ್ಯವೇ ಇಲ್ಲ. ಮಲೆನಾಡಿನ ಮನೆಗೆ ಅಟ್ಟವೇ ಇಲ್ಲವೆಂದರೆ ಉಪ್ಪಿನಕಾಯಿ ಜಾಡಿ ಎಲ್ಲಿಡುವುದು? ಅಡಿಕೆ ಮೂಟೆ ಎಲ್ಲಿ? ಈಗಿನ ಜೀಝಡ್‌ಡೂಮ್ ಎಂಬ ಸುಧಾರಿತ ಇಂಜಿನ್ ಹಾಕಿಕೊಂಡರೆ ಮೂರು ಅಟ್ಟ ಬೇಕಾದರೂ ಕಟ್ಟಬಹುದು ಅಂದ ಸಾಫ್ಟ್‌ವೇರು. ಮೇಷ್ಟ್ರು ಕೆರಳಿದ. ಚಾಕೊಲೇಟ್ ಡೂಮ್ ಎಂದು ಒಂದಿದೆ. 1993ರ ಆಟದ ತಪ್ಪುಗಳನ್ನೂ ತಿದ್ದದೆ ಹಾಗ್ಹಾಗೇ ಕಾಪಾಡಿಕೊಂಡಿರುವ ಮಡಿವಂತ ಆವೃತ್ತಿ. ಅದರಲ್ಲಿ ಓಡದಿದ್ದರೆ ತಾನು ಬರುವುದೇ ಇಲ್ಲ ಅಂದ. ಮೂರು ತಿಂಗಳು ಇಬ್ಬರೂ ಮಾತು ಬಿಟ್ಟರು. ಬ್ಯಾಂಕು ಇಬ್ಬರ ಮನೆಗೂ ಹೋಗಿ ಕಾಫಿ ಕುಡಿದು ಬರುತ್ತಿದ್ದ.

ಗೆದ್ದದ್ದು ಮಡಿ. ಆದರೆ ಆ ಮಡಿಗೆ ಇನ್ನೊಂದು ಕಟ್ಟಳೆ ಇತ್ತು. ಒಂದು ಸಲಕ್ಕೆ ಕಣ್ಣಿಗೆ ಬೀಳುವ ಬೇರೆ ಬೇರೆ ಎತ್ತರ, ಬೆಳಕು, ಬಣ್ಣದ ನೆಲ-ಚಾವಣಿಗಳ ಲೆಕ್ಕ 128 ದಾಟಿದರೆ ಆಟ ಅಲ್ಲೇ ನಿಂತು ಹೊರಗೆ ಹಾಕುತ್ತದೆ. ನಾನೋ ತೊಟ್ಟಿಮನೆಯ ಪ್ರತಿ ಮಣೆ, ಪ್ರತಿ ಮೆಟ್ಟಿಲು, ಒರಳುಕಲ್ಲಿನ ಗುಳಿಯನ್ನೂ ಬಿಡದೆ ಕೆತ್ತಿದ್ದೆ. ಪರಿಣಾಮ, ಅಂಗಳದಲ್ಲಿ ನಿಂತು ಅಡುಗೆಮನೆ ಕಡೆ ಕಣ್ಣು ಹಾಯಿಸಿದರೆ ಆಟ ಬಂದ್. ಅಜ್ಜಿಗೂ ಹಾಗೆ ನೋಡುವುದು ಸೇರುತ್ತಿರಲಿಲ್ಲ.

ಸದ್ದಿನ ಕತೆ ಚಿಕ್ಕದು. ಪೈಪಿನ ಢಂ ಶಬ್ದ ಹಿಡಿಯಲು ಹಿತ್ತಲಲ್ಲಿ ಫೋನು ಇಟ್ಟು ಕಾದೆವು. ಕಾರ್ಬೈಡ್ ಠುಸ್ ಅಂದಿತು. ಸಿಕ್ಕಿದ ಒಂದೂವರೆ ಸೆಕೆಂಡನ್ನು ಬ್ಯಾಂಕು ಕೇಳಿನೋಡದೆ ಹಾಕಿಬಿಟ್ಟ.

ಹೋದ ಭಾನುವಾರ ಅಮ್ಮನನ್ನು ಕೂರಿಸಿ ಆಟ ತೋರಿಸಿದೆವು. ಹೀರೋ ಜಗಲಿ ಹತ್ತಿದ, ಬಾಗಿಲು ಮೇಲೆ ಹೋಯಿತು, ವಾಚು ಕಟ್ಟಿದ ಹಂದಿ ಎದುರಾಯಿತು. ಅಮ್ಮನ ಬೆರಳನ್ನು ಗುಂಡಿಯ ಮೇಲಿಟ್ಟು “ಹೊಡಿ” ಅಂದೆ. ಒತ್ತಿದಳು. ಕೋವಿಯ ಬಾಯಿಂದ ಅವಳದೇ ದನಿ ಬಂತು: “ಕಾಫಿ ಆರ್ತಾ ಇದೆ, ಬರ್ರೋ!” ಮೂರು ಸಲ ಕಾಫಿಗೆ ಕರೆದಾಗ ಹಂದಿ ಸತ್ತಿತು.

ಅಮ್ಮ ಕನ್ನಡಕ ಸರಿಮಾಡಿಕೊಂಡು ಮನೆಯನ್ನೆಲ್ಲ ಒಂದು ಸುತ್ತು ನೋಡಿದಳು. ಅಂಗಳದ ಹತ್ತಿರ ನಾನು ಮಾತ್ರ ಉಸಿರು ಹಿಡಿದು ಅವಳ ಕೈ ಇನ್ನೊಂದು ಕಡೆಗೆ ತಿರುಗಿಸಿದೆ.

“ಎಲ್ಲಾ ಸರಿ ಉಂಟು. ಅಟ್ಟ ಎಲ್ಲೋ?”

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಇಂಜಿನ್ನಿನ ಮಿತಿಯನ್ನು ವಿವರಿಸತೊಡಗಿದ. ಅಮ್ಮ ಅರ್ಧಕ್ಕೇ ತಡೆದಳು.

“ಅಲ್ಲಾ, ಮಂಗ ಒಳಗೆ ಬರ್ತಿದ್ದದ್ದೇ ಅಟ್ಟದ ಹೆಂಚು ತೆಗೆದು ಅಲ್ವನೋ?”

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬ್ಯಾಂಕು ನಡಾವಳಿ ಪುಸ್ತಕ ತೆಗೆದು, ಹೊಸ ಹಾಳೆಯಲ್ಲಿ ‘ಭಾಗ 2: ಅಟ್ಟ’ ಎಂದು ಬರೆದು ಕೆಳಗೆ ಗೆರೆ ಎಳೆದ.