ಕರಡಿಯ ತೂಕ

ಮೂರು ವಾರದಿಂದ ನಮ್ಮ ಅಡುಗೆಮನೆಯ ತೂಕದ ಯಂತ್ರ ನಡುಮನೆಯ ನೆಲಕ್ಕೆ ಬಂದು ಕೂತಿದೆ. ಹಿಟ್ಟು, ಸಕ್ಕರೆ ತೂಗಿಕೊಂಡಿದ್ದ ಬಡಪಾಯಿ ಈಗ ಸಾಕ್ಸು ತೂಗುತ್ತಿದೆ. ಟೆಂಟಿನ ಗೂಟ, ಟಾರ್ಚು, ಚಮಚ, ಒಳಚಡ್ಡಿ, ಒಂದನ್ನೂ ಬಿಟ್ಟಿಲ್ಲ. ಒಂಬತ್ತು ವರ್ಷದ ಮಗಳೂ ನಾನೂ ಬೆಟ್ಟದಲ್ಲಿ ಮೂರು ಹಗಲು ನಡೆಯೋಣ, ಎರಡು ರಾತ್ರಿ ಟೆಂಟಿನಲ್ಲಿ ಮಲಗೋಣ, ಬೇಕಾದ್ದನ್ನೆಲ್ಲ ನಾವೇ ಬೆನ್ನ ಮೇಲೆ ಹೊರೋಣ ಅಂತ ಒಂದು ಭಾನುವಾರ ಉತ್ಸಾಹದಲ್ಲಿ ಹೇಳಿಬಿಟ್ಟಿದ್ದೆ. ಹೇಳಿದವನು ಸೋಮವಾರ ಮರೆತ. ಕೇಳಿಸಿಕೊಂಡವಳು ಮರೆಯಲಿಲ್ಲ.

ತೂಕಕ್ಕೆ ಒಂದು ಲೆಕ್ಕವಿದೆ. ದೊಡ್ಡವರು ತಮ್ಮ ಮೈತೂಕದ ನೂರಕ್ಕೆ ಇಪ್ಪತ್ತರಷ್ಟು ಹೊರಬಹುದು, ಮಕ್ಕಳಿಗೆ ನೂರಕ್ಕೆ ಹತ್ತು ಸಾಕು ಅಂತ ಚಾರಣ ಮಾಡುವವರು ಸಾಮಾನ್ಯವಾಗಿ ಹೇಳುತ್ತಾರೆ. ಮಗಳು 26 ಕಿಲೋ. ಅಂದರೆ ಅವಳ ಚೀಲ 2 ಕಿಲೋ 600 ಗ್ರಾಂ ದಾಟಬಾರದು. ನಾನು 62. ನನ್ನ ಪಾಲು 12 ಕಿಲೋ 400. ಇದನ್ನು ಅವಳಿಗೆ ಕೂಲಂಕಷವಾಗಿ ವಿವರಿಸಿದೆ. ಶಾಲೆಯಲ್ಲಿ ತಲೆಗೆ ಹೋಗದ ಶೇಕಡಾವಾರು ಲೆಕ್ಕ ನಡುಮನೆಯಲ್ಲಿ ಐದು ನಿಮಿಷಕ್ಕೆ ಹೋಯಿತು. ಆಗ ನನಗೆ ಹೆಮ್ಮೆಯಾಗಿತ್ತು ಅಂತ ಇಲ್ಲಿ ದಾಖಲಿಸುತ್ತೇನೆ.

ಅವಳು ಮೊದಲು ತಂದು ಯಂತ್ರದ ಮೇಲೆ ಕೂರಿಸಿದ್ದು ಕರಡಿ ಬೊಂಬೆಯನ್ನು. ಒಂದು ಕಿವಿ ಹರಿದ, ಹೊಟ್ಟೆ ಉಬ್ಬಿದ ಕರಡಿ. 340 ಗ್ರಾಂ. ಮಳೆಕೋಟಿಗಿಂತ ಜಾಸ್ತಿ. "ಇದು ಆಗಲ್ಲ ಪುಟ್ಟೀ" ಅಂದೆ. ನ್ಯಾಯ ಎಲ್ಲರಿಗೂ ಒಂದೇ ಅಂತ ತೋರಿಸಲು ನನ್ನ ಟೂತ್‌ಬ್ರಶ್ಶಿನ ಹಿಡಿಯನ್ನು ಅವಳ ಎದುರೇ ಅರ್ಧಕ್ಕೆ ಕತ್ತರಿಸಿದೆ. ಎಂಟು ಗ್ರಾಂ ಉಳಿಯಿತು. ಮಗಳು ಕತ್ತರಿಸಿದ ತುಂಡನ್ನೂ ಕರಡಿಯನ್ನೂ ಒಮ್ಮೆ ನೋಡಿ ಎದ್ದು ಹೋದಳು.

ದೂರಕ್ಕೂ ಒಂದು ಹಳೆಯ ಲೆಕ್ಕವಿದೆ. 1892ರಲ್ಲಿ ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಸೂತ್ರ ಕೊಟ್ಟ. ಗಂಟೆಗೆ ಮೂರು ಮೈಲಿ, ಮೇಲೇರುವ ಪ್ರತಿ 2000 ಅಡಿಗೆ ಇನ್ನೊಂದು ಗಂಟೆ. ಈಗಿನವರು ಅದನ್ನೇ 5 ಕಿಲೋಮೀಟರ್, 600 ಮೀಟರ್ ಅಂತ ಬಳಸುತ್ತಾರೆ. ನಾನು ನಕ್ಷೆ ಹರಡಿಕೊಂಡು ಮೊದಲ ದಿನಕ್ಕೆ 12 ಕಿಲೋಮೀಟರ್ ದಾರಿ, 600 ಮೀಟರ್ ಏರು ಇಟ್ಟೆ. ಸೂತ್ರಕ್ಕೆ ಹಾಕಿದರೆ 3 ಗಂಟೆ 24 ನಿಮಿಷ. ಮಗು ಜೊತೆಗಿದೆಯಲ್ಲ ಅಂತ ದೊಡ್ಡ ಮನಸ್ಸು ಮಾಡಿ ಐದು ಗಂಟೆ ಅಂತ ಬರೆದುಕೊಂಡೆ.

ಒಮ್ಮೆ ಪರೀಕ್ಷೆ ಮಾಡಿಬಿಡೋಣ ಅಂತ ಇಬ್ಬರೂ ಚೀಲ ಹೊತ್ತು ಹೊರಟೆವು. ಮೂರು ಕಿಲೋಮೀಟರ್, ಪೂರ್ತಿ ಸಮತಟ್ಟು. ನೈಸ್ಮಿತ್ ಪ್ರಕಾರ 36 ನಿಮಿಷ. ನಮಗೆ ಹಿಡಿದದ್ದು ಎರಡು ಗಂಟೆ ಹತ್ತು ನಿಮಿಷ. ಮಗಳಿಗೆ ಸುಸ್ತಾಗಿತ್ತು ಅಂತಲ್ಲ. ಮೊದಲ ಮುಕ್ಕಾಲು ಗಂಟೆ ಒಂದು ಇರುವೆ ಸಾಲಿಗೆ ಹೋಯಿತು. ಸತ್ತ ಜೀರುಂಡೆಯೊಂದನ್ನು ಅವು ಎಳೆದುಕೊಂಡು ಹೋಗುತ್ತಿದ್ದವು, ಗೂಡು ಸೇರುವ ತನಕ ಕಾಯಲೇಬೇಕಿತ್ತು. ಆಮೇಲೆ ಒಂದು ಮೋರಿ. ಅದರ ಈ ಕಡೆ ಎಲೆ ಬಿಟ್ಟು ಆ ಕಡೆ ಓಡಿ ನೋಡುವುದು. ಇದನ್ನು ಹನ್ನೊಂದು ಸಲ ಮಾಡಿದಳು. ಹನ್ನೆರಡನೆಯದು ನನ್ನ ಎಲೆ. ಗೆದ್ದಿತು. ಅಷ್ಟೆಲ್ಲ ಆದಮೇಲೆ ನನ್ನ ಚೀಲ ಇಳಿಸಿ ಕೂತವನು ನಾನು, "ಇಷ್ಟೇನಾ?" ಅಂತ ಕೇಳಿದವಳು ಅವಳು. ಹಾಗೆ 12 ಕಿಲೋಮೀಟರ್ ಐದಾಯಿತು. ಬೆಟ್ಟದ ತುದಿ ನಕ್ಷೆಯಿಂದ ಹೊರಗೆ ಬಿತ್ತು. ಅದರ ಬದಲು ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೇ ತಲುಪಬಹುದಾದ, ಹತ್ತಿರ ತೊರೆಯಿರುವ ಒಂದು ಸಮತಟ್ಟು ಜಾಗ ಸಿಕ್ಕಿತು.

ನೀರು ಕೂಡ ತೂಕವೇ. ಒಂದು ಲೀಟರ್ ಒಂದು ಕಿಲೋ. ಇದರ ಹಿಡಿ ಕತ್ತರಿಸಲು ಬರುವುದಿಲ್ಲ. ಹಾಗಾಗಿ ತೊರೆಯ ನೀರನ್ನೇ ಕುದಿಸಿ ಕುಡಿಯಬೇಕು. ಎಷ್ಟು ತಿಳಿಯಾಗಿ ಕಂಡರೂ ಅದರಲ್ಲಿ ಜಿಯಾರ್ಡಿಯಾದಂಥ ಹೊಟ್ಟೆ ಕೆಡಿಸುವ ಜೀವಿಗಳು ಇರಬಹುದು. ಚೆನ್ನಾಗಿ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಡಬೇಕು. ಸುಮಾರು 2000 ಮೀಟರಿಗಿಂತ ಮೇಲೆ ಹೋದರೆ ಮೂರು ನಿಮಿಷ, ಅಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಇಷ್ಟು ಹೇಳಿ ಮುಗಿಸಿದರೆ ಮಗಳು, "ಸತ್ತ ಕ್ರಿಮಿ ಆಮೇಲೆ ಎಲ್ಲಿಗೆ ಹೋಗುತ್ತೆ?" ಅಂದಳು.

"ನೀರಲ್ಲೇ ಇರುತ್ತೆ."

"ನಾವು ಕುಡೀತೀವಾ?"

"ಹೂಂ."

ಒಂದು ವಾರ ಮನೆಯಲ್ಲೂ ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಕುಡಿದಳು.

ಅವಳನ್ನು ನಿಜವಾಗಿ ಗೆದ್ದದ್ದು ಪಾಯಿಖಾನೆಯ ವಿಷಯ. ನೀರಿನಿಂದ 60 ಮೀಟರ್ ದೂರ ಹೋಗಬೇಕು, 15ರಿಂದ 20 ಸೆಂಟಿಮೀಟರ್ ಆಳಕ್ಕೆ ಗುಂಡಿ ತೋಡಬೇಕು, ಕೆಲಸ ಮುಗಿದ ಮೇಲೆ ಮಣ್ಣು ಮುಚ್ಚಬೇಕು. ದೊಡ್ಡವರು ಇದನ್ನು ದನಿ ತಗ್ಗಿಸಿ ಮಾತಾಡುತ್ತಾರೆ. ಅವಳಿಗೋ ಪೂರಾ ಪ್ರವಾಸದಲ್ಲಿ ಇದೇ ಮುಖ್ಯ ಕಾರ್ಯಕ್ರಮ. ಪುಟ್ಟ ಸಲಿಕೆಯ ಉಸ್ತುವಾರಿ ತನ್ನದು ಅಂತ ಘೋಷಿಸಿದಳು. ತನ್ನ ಗೇಣು ಅಳೆದು ನೋಡಿದಳು, ಸರಿಯಾಗಿ 15 ಸೆಂಟಿಮೀಟರ್ ಬಂತು. "ನನ್ನ ಒಂದು ಗೇಣು, ಮೇಲೆ ಸ್ವಲ್ಪ" ಅಂತ ಮನೆಗೆ ಬಂದ ನೆಂಟರಿಗೆಲ್ಲ ವಿವರಿಸುತ್ತಿದ್ದಾಳೆ. ಊಟದ ಹೊತ್ತಿಗೇ ಯಾಕೆ ಅಂತ ತಿಳಿಯದು.

ಚಳಿಯದು ನನ್ನ ಚಿಂತೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ, ತೂಕಕ್ಕೆ ಹೋಲಿಸಿದರೆ ಅವರಲ್ಲಿ ಚರ್ಮವೇ ಜಾಸ್ತಿ. ಸ್ಲೀಪಿಂಗ್ ಬ್ಯಾಗಿನೊಳಗೆ ಹೊಕ್ಕರೆ ಆಯಿತು ಅಂದುಕೊಂಡಿದ್ದೆ. ಮಲಗಿದಾಗ ಕೆಳಗಿನ ತುಪ್ಪುಳು ಚಪ್ಪಟೆಯಾಗಿ ನೆಲವೇ ಮೈಯ ಬಿಸಿ ಕುಡಿದುಬಿಡುತ್ತದಂತೆ, ಹಾಗಾಗಿ ಅಡಿಗೆ ಚಾಪೆ ಬೇಕೇ ಬೇಕು. ಇನ್ನು ಅವಳ ಪಾಲಿಗೆ ಬಂದದ್ದು ನನ್ನ ಹಳೆಯ ಸ್ಲೀಪಿಂಗ್ ಬ್ಯಾಗ್. ಅದರೊಳಗೆ ಅವಳ ಕಾಲಿನಾಚೆ ಇನ್ನೊಂದು ಮಗು ಮಲಗುವಷ್ಟು ಜಾಗ. ಆ ಖಾಲಿ ಜಾಗವನ್ನೆಲ್ಲ ಅವಳ ಮೈಯೇ ಬಿಸಿ ಮಾಡಬೇಕಲ್ಲ. ಅದಕ್ಕೆ ತುದಿಯನ್ನು ಗಂಟು ಕಟ್ಟಿದೆವು. ಒಳಗೆ ಹೊಕ್ಕರೆ ಈಗ ಗಂಟು ಕಟ್ಟಿದ ಆಲೂಗಡ್ಡೆ ಮೂಟೆಯ ಹಾಗೆ ಕಾಣುತ್ತಾಳೆ.

ಒಂದು ವಿಷಯವನ್ನು ಮಾತ್ರ ತಮಾಷೆ ಮಾಡದೆ ಹೇಳಿದೆ. 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇವಳದೇ ವಯಸ್ಸಿನ ಹುಡುಗನೊಬ್ಬ ಬೆಟ್ಟದಲ್ಲಿ ದಾರಿ ತಪ್ಪಿ, ಬದುಕಿ ಬರಲಿಲ್ಲ. ಅದಾದ ಮೇಲೆ ಅಲ್ಲಿ ಮಕ್ಕಳಿಗೆ ಒಂದು ಪಾಠ ಹೇಳಿಕೊಡಲು ಶುರುಮಾಡಿದರು. ದಾರಿ ತಪ್ಪಿದೆ ಅನ್ನಿಸಿದ ಕೂಡಲೇ ಒಂದು ಮರ ತಬ್ಬಿಕೋ, ಅಲ್ಲೇ ಇರು. ಹುಡುಗನ ಸುದ್ದಿ ಅವಳಿಗೆ ಹೇಳಲಿಲ್ಲ. ಮರದ್ದು ಹೇಳಿದೆ. ಕೊರಳಿಗೆ ಒಂದು ಸೀಟಿ ಕಟ್ಟಿ, ಮೂರು ಸಲ ಊದಿದರೆ ಸಹಾಯ ಬೇಕು ಅಂತ ಅರ್ಥ ಅಂದೆ. "ಅಪ್ಪಾ, ನೀನು ತಪ್ಪಿಸಿಕೊಂಡರೆ?" ಅಂದಳು. ನನಗೂ ಒಂದು ಸೀಟಿ ಬಂತು. ಹನ್ನೆರಡು ಗ್ರಾಂ. ಮಾರನೇ ದಿನ ಬೆಳಿಗ್ಗೆ ಆರಕ್ಕೆ ಬಚ್ಚಲಿನಿಂದ ಮೂರು ಸಲ ಸೀಟಿ ಕೇಳಿಸಿತು. ಎದ್ದು ಬಿದ್ದು ಓಡಿದೆ. ಟವೆಲ್ ಮರೆತಿದ್ದಳು.

ಹೆಂಡತಿ ಬರುತ್ತಿಲ್ಲ. ಅವಳ ಬಳಿ ಒಂದು ಹಾಳೆ ಇರುತ್ತದೆ. ಯಾವ ದಾರಿ, ಎಲ್ಲಿ ಟೆಂಟು, ಯಾವ ದಿನ ಎಷ್ಟು ಗಂಟೆಯೊಳಗೆ ನಮ್ಮ ಫೋನು ಬರಬೇಕು, ಬರದಿದ್ದರೆ ಯಾರಿಗೆ ಹೇಳಬೇಕು. ಮಗಳು ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: "ಅಪ್ಪ ಅಥವಾ ನಾನು ಸಾಕು ಅಂದರೆ ವಾಪಸ್. ಬೇರೆಯವರು ಬೈಯುವ ಹಾಗಿಲ್ಲ." ಇಬ್ಬರೂ ಸಹಿ ಹಾಕಿದೆವು. ನನಗೆ ಆ ಸಾಲಿನಿಂದ ಅವಳಿಗಿಂತ ಜಾಸ್ತಿ ಸಮಾಧಾನವಾಯಿತು.

ನಿನ್ನೆ ರಾತ್ರಿ ಕೊನೆಯ ತಾಲೀಮು. ನಡುಮನೆಯಲ್ಲೇ ಟೆಂಟು ಹಾಕಿ ಮಲಗಿದೆವು. ಅವಳು ಎರಡು ನಿಮಿಷಕ್ಕೆ ನಿದ್ದೆ ಹೋದಳು. ನಾನು ಅವಳ ಮೊಣಕಾಲು, ನೆಲ, ಫ್ರಿಜ್ಜಿನ ಸದ್ದು ಮೂರರ ಜೊತೆಗೂ ಗುದ್ದಾಡಿ ನಡುರಾತ್ರಿ ಎದ್ದೆ. ನಿದ್ದೆ ಬಾರದಿದ್ದರೆ ಇನ್ನೇನು, ತೂಕ. ಸಂಜೆ ಕಟ್ಟಿ ಮುಗಿಸಿದಾಗ ನನ್ನ ಚೀಲ 12 ಕಿಲೋ 50 ಗ್ರಾಂ ಇತ್ತು. ಇನ್ನೊಮ್ಮೆ ತೂಗಿದೆ. 12 ಕಿಲೋ 390. ಯಂತ್ರ ಕೆಟ್ಟಿತೇನೋ ಅಂತ ಎತ್ತಿ ಇಳಿಸಿ ನೋಡಿದೆ. ಅದೇ.

ಬಿಚ್ಚಿದೆ. ಒಲೆ, ಅಕ್ಕಪಕ್ಕ ಪಾತ್ರೆ, ಅದರ ಕೆಳಗೆ ನನ್ನ ಸ್ವೆಟರು. ಸ್ವೆಟರಿನೊಳಗೆ ಒಂದೇ ಕಿವಿಯ ಕರಡಿ. ಅದರ ಕೊರಳಿಗೆ ದಾರ ಕಟ್ಟಿ ಒಂದು ಚೀಟಿ:

"ಅಪ್ಪಾ, ನಿನ್ನ ನೂರಕ್ಕೆ ಇಪ್ಪತ್ತು ಇನ್ನೂ ತುಂಬಿರಲಿಲ್ಲ. ಈಗಲೂ ಹತ್ತು ಗ್ರಾಂ ಬಾಕಿ ಇದೆ. ಅದು ದಾರಿಯಲ್ಲಿ ಸಿಗೋ ಕಲ್ಲಿಗೆ."