ಪುಟ್ ದಿ ಫ್ಯಾನ್

ಏಪ್ರಿಲ್ ತಿಂಗಳ ಮಧ್ಯಾಹ್ನ. ಆಫೀಸಿನ ಎಸಿ ಕೈಕೊಟ್ಟಿತ್ತು. ಲಂಡನ್ನಿನಿಂದ ಬಂದಿದ್ದ ನಮ್ಮ ಮ್ಯಾನೇಜರ್ ಮುಖ ಬೇಯಿಸಿದ ಬೀಟ್‌ರೂಟ್ ಥರ ಆಗಿತ್ತು. ಅವರ ಪಕ್ಕದಲ್ಲೇ ಸ್ಟೂಲಿನ ಮೇಲೆ ಒಂದು ಟೇಬಲ್ ಫ್ಯಾನ್ ಸುಮ್ನೆ ಕೂತಿತ್ತು. ಪಾಪ ಅನ್ನಿಸಿ, "ಸರ್, ಪುಟ್ ದಿ ಫ್ಯಾನ್" ಅಂದೆ.

ಅವರು ಎದ್ದು ಫ್ಯಾನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, "ವೇರ್?" ಅಂದರು.

ನಾನು ಗಾಬರಿಯಲ್ಲಿ "ಆನ್, ಆನ್" ಅಂದೆ. ಅವರು ಅದನ್ನು ನನ್ನ ಫೈಲಿನ ಮೇಲೆ ಇಟ್ಟರು. ಅಲ್ಲಿದ್ದ ಐದು ಜನ ಕನ್ನಡಿಗರಿಗೆ ನನ್ನ ಇಂಗ್ಲಿಷ್ ಚೆನ್ನಾಗಿಯೇ ಅರ್ಥವಾಗಿತ್ತು. ಅರ್ಥವಾಗದೆ ಉಳಿದವರು ಇಂಗ್ಲಿಷಿನವರೊಬ್ಬರೇ.

ತಪ್ಪು ನನ್ನದಲ್ಲ, 'ಹಾಕು'ವಿನದು. ನಾವು ಲೈಟ್ ಹಾಕುತ್ತೇವೆ, ಮೋಟರ್ ಹಾಕುತ್ತೇವೆ, ಗೀಸರ್ ಹಾಕುತ್ತೇವೆ. ಬೀಗ, ರಂಗೋಲಿ, ಸೈನು, ಚಪ್ಪಲಿ, ಒಗ್ಗರಣೆ ಎಲ್ಲಕ್ಕೂ ಅದೇ. ಅವರಿಗೋ ಪುಟ್ ಆನ್, ಸ್ವಿಚ್ ಆನ್, ಟರ್ನ್ ಆನ್ ಅಂತ ಒಂದು ಸಾಲೇ ಇದೆ. ಟರ್ನ್ ಅಂದರೆ ತಿರುಗಿಸು. ಹಿಂದೆ ನಲ್ಲಿ, ಗ್ಯಾಸ್ ದೀಪ ಎಲ್ಲಾ ತಿರುಗಿಸಿಯೇ ಶುರುವಾಗುತ್ತಿದ್ದವು. ಮೊದಮೊದಲ ಕರೆಂಟ್ ಸ್ವಿಚ್ಚುಗಳಲ್ಲೂ ಎಷ್ಟೋ ತಿರುಗಿಸುವಂಥವೇ. ಈಗ ಬೆರಳಲ್ಲಿ ಒತ್ತಿದರೂ ಮಾತು ಮಾತ್ರ ತಿರುಗುತ್ತಲೇ ಇದೆ. ಕಂಪ್ಯೂಟರಿಗೆ ಬೂಟ್ ಅಪ್ ಬೇರೆ. ಬೂಟಿನ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಅನ್ನೋ ಹಳೇ ಮಾತಿನಿಂದ ಹುಟ್ಟಿದ್ದು. ನನ್ನ ಲ್ಯಾಪ್‌ಟಾಪ್ ಬೆಳಿಗ್ಗೆ ಏಳೋಕೆ ಪಡುವ ಪಾಡು ನೋಡಿದರೆ ಸರಿಯಾದ ಹೆಸರೇ ಬಿಡಿ.

ನಾವೂ ಏನು ಕಡಿಮೆ ಇಲ್ಲ. ಶಿವನಸಮುದ್ರದ ಕರೆಂಟ್ ಬಂದು ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ. ಅಷ್ಟು ವರ್ಷವಾದರೂ ಅಮ್ಮ ಈಗಲೂ "ಫ್ಯಾನ್ ಆರಿಸೋ" ಅಂತಲೇ ಕೂಗುತ್ತಾಳೆ, ಅದರೊಳಗೆ ಬತ್ತಿ ಉರಿಯುತ್ತಿದೆಯೇನೋ ಅನ್ನುವ ಹಾಗೆ. ಅಕ್ಕಿ ಆರಿಸುವುದೂ ಅದೇ ಬಾಯಲ್ಲಿ, ಎಂಎಲ್‌ಎ ಆರಿಸುವುದೂ ಅದೇ ಬಾಯಲ್ಲಿ.

ಆ ಶನಿವಾರ ಮ್ಯಾನೇಜರನ್ನು ಹನುಮಂತನಗರದ ನಮ್ಮ ಮನೆಗೆ ಊಟಕ್ಕೆ ಕರೆದೆ. ದಾರಿಯಲ್ಲಿ ಕನ್ನಡ ಕಲಿಸಿ ಅಂದರು. "ಹಾಕಿ ಅನ್ನೋದೊಂದು ಕಲೀರಿ ಸರ್, ಬೆಂಗಳೂರಲ್ಲಿ ಬದುಕೋಕೆ ಸಾಕು" ಅಂದೆ.

ಬಾಳೆ ಎಲೆ ಮುಂದೆ ಕೂತರು. ಹುಳಿಯ ಖಾರಕ್ಕೆ ಹಣೆಯಿಂದ ಬೆವರು ಇಳಿಯತೊಡಗಿತು. ನಾನು ಒಳಗೆ ಹಪ್ಪಳ ಕರಿಯುತ್ತಿದ್ದೆ. ಅವರು ತಲೆಯ ಮೇಲಿನ ಫ್ಯಾನಿಗೆ ಬೆರಳು ತೋರಿಸಿ, ನಗುತ್ತಾ, "ಹಾಕಿ" ಅಂದರು.

ಅಮ್ಮನಿಗೆ ಎಲ್ಲಿಲ್ಲದ ಖುಷಿ. ಒಂದು ಸೌಟು ಅನ್ನ ಬಿತ್ತು.

ಅವರು ತಲೆ ಅಲ್ಲಾಡಿಸಿ, ಬೆರಳನ್ನು ಇನ್ನೂ ಮೇಲೆ ಚಾಚಿ, "ಹಾಕಿ! ಹಾಕಿ!" ಅಂದರು. ಗುಡ್ಡೆ ಇನ್ನೂ ಎತ್ತರವಾಗಬೇಕೇನೋ ಅಂದುಕೊಂಡ ಅಮ್ಮ, "ಹಾಕಿಸ್ಕೊಳ್ಳಿ, ಸಂಕೋಚ ಬೇಡ" ಅನ್ನುತ್ತಾ ಇನ್ನೆರಡು ಸೌಟು ಬಡಿಸಿದಳು.

ನಾನು ಹಪ್ಪಳ ಹಿಡಿದು ಬರುವಷ್ಟರಲ್ಲಿ ಎಲೆಯ ತುಂಬಾ ಅನ್ನ. ಫ್ಯಾನ್ ನಿಂತೇ ಇತ್ತು.